ಕುದಿಸಬಾರದ ಹೂವು

ಮುತ್ತಲ ಹೂವಿಗೂ ಕುಸುಬಿ ಹೂವಿಗೂ ಯಾವ ಸಂಬಂಧವೂ ಇಲ್ಲ. ಒಂದು ಕಲ್ಲುಮರಡಿಯ ಮೇಲೆ ಯಾರೂ ಬಿತ್ತದೆ ಬೆಳೆಯುವ ಮರ. ಇನ್ನೊಂದು ಜೋಳದ ಹೊಲಕ್ಕೆ ದನ ನುಗ್ಗದಿರಲಿ ಎಂದು ಅಂಚಿಗೆ ಬಿತ್ತುವ ಮುಳ್ಳಿನ ಗಿಡ. ಮುತ್ತಲದ ಎಲೆಯಲ್ಲಿ ಊಟ ಮಾಡುತ್ತೇವೆ, ಕುಸುಬಿಯ ಬೀಜದಿಂದ ಎಣ್ಣೆ ತೆಗೆಯುತ್ತೇವೆ. ಇಷ್ಟು ಬೇರೆ ಬೇರೆಯಾದ ಎರಡನ್ನು ಒಂದೇ ರೀತಿ ನಡೆಸಿಕೊಂಡು ಮೋಸಹೋದವರು ಆಳಂದದಲ್ಲಿ ಒಬ್ಬರೇ, ಅವರು ನನ್ನ ಗಂಡ. ಅವರು ಇದ್ದಿದ್ದರೆ ಇದನ್ನು ಹೇಳಲು ನನ್ನನ್ನು ಬಿಡುತ್ತಿರಲಿಲ್ಲ. ಈಗ ಇಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಹೇಳುವಾಗ ನಗು ಬರುತ್ತದೆ. ಎದ್ದು ಬಂದು ಜಗಳ ತೆಗೆಯಬಾರದೇ ಎಂದೂ ಅನಿಸುತ್ತದೆ.

ನನ್ನ ಹೆಸರು ಸುಭದ್ರಾಬಾಯಿ. ತವರು ಅಫಜಲಪುರದ ಕಡೆ, ಭೀಮಾ ನದಿಯ ದಂಡೆ. ನಿಜಾಮರ ಕಾಲದಲ್ಲಿ, ಹದಿನಾರು ತುಂಬಿದಾಗ, ಆಳಂದದ ಬಣ್ಣಗಾರರ ಮನೆಗೆ ಸೊಸೆಯಾಗಿ ಬಂದೆ. ಆ ಮನೆಯ ಅಂಗಳದಲ್ಲಿ ಸಾಲಾಗಿ ಮಣ್ಣಿನ ಬಾನಿಗಳು, ಒಂದು ಮೂಲೆಯಲ್ಲಿ ತಾಮ್ರದ ಹಂಡೆ, ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ ಹಗ್ಗಗಳು. ಹಗ್ಗದ ಮೇಲೆ ಯಾವಾಗಲೂ ಯಾರದೋ ಒಂದು ಸೀರೆ, ಯಾರದೋ ಒಂದು ರುಮಾಲು. ಹಸಿ ಅರಿವೆಯ ಕೆಳಗೆ ಬಗ್ಗಿ ಓಡಾಡಿ ಓಡಾಡಿ ನಮ್ಮ ಮನೆಯವರಿಗೆಲ್ಲ ನಡು ಸ್ವಲ್ಪ ಬಾಗಿತ್ತು. ಮಧ್ಯಾಹ್ನದ ಬಿಸಿಲು ಹಳದಿ ಸೀರೆಯ ಮೂಲಕ ಅಂಗಳಕ್ಕೆ ಬಿದ್ದಾಗ ಕುಂತವರ ಮುಖವೆಲ್ಲ ಅರಿಶಿನ ಹಚ್ಚಿದಂತೆ ಕಾಣುತ್ತಿತ್ತು. ಅಂಥ ಮಧ್ಯಾಹ್ನ ಒಂದು ಸಿಕ್ಕರೂ ಸಾಕು ಎಂದು ಈಗಲೂ ಆಸೆಯಾಗುತ್ತದೆ.

ಮದುವೆಯಾಗಿ ಬಂದ ಮೂರನೆಯ ದಿನ ಒಂದು ವಿಷಯ ಗೊತ್ತಾಯಿತು. ನನ್ನ ಗಂಡ ಶಿವರಾಯ, ಅವರ ತಾಯಿ ಗುರಮ್ಮ, ಒಂದೇ ಮನೆಯಲ್ಲಿದ್ದರೂ ಒಬ್ಬರಿಗೊಬ್ಬರು ಮಾತಾಡುವುದಿಲ್ಲ. ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಕುಂತಿದ್ದರು, ಇವರು ಐದು ಮಾರು ದೂರದಲ್ಲಿ ರೊಟ್ಟಿ ತಿನ್ನುತ್ತಿದ್ದರು.

"ನಿನ್ನ ಗಂಡಗ ಹೇಳು, ಇವತ್ತ ಮಾರ್ಕೆಟ್ಟಿಗಿ ಹೋದ್ರ ಬೆಲ್ಲ ತರಾಕ," ಅಂದರು ಅತ್ತೆ.

"ನಿಮ್ಮತ್ತಿಗಿ ಹೇಳು, ಬೆಲ್ಲ ನಿನ್ನೇನ ತಂದೀನಿ," ಅಂದರು ಇವರು.

ನಾನು ಮೊದಲು ತಮಾಷೆ ಇರಬೇಕು ಎಂದುಕೊಂಡು ನಕ್ಕೆ. ಇಬ್ಬರೂ ನಗಲಿಲ್ಲ. ಅಂದಿನಿಂದ ನಾನು ಆ ಮನೆಯ ಟಪಾಲು. ಕೇಳಿಸಿಕೊಂಡದ್ದನ್ನೇ ತಿರುಗಿ ಹೇಳಿ ಹೇಳಿ ಬಾಯಿ ನೋಯುತ್ತಿತ್ತು. ಕೆಲವು ಸಲ ಸಿಟ್ಟು ಬಂದು, "ಕೇಳಿಸ್ತಲ್ರಿ, ನಾ ಬ್ಯಾರೆ ಯಾಕ ಹೇಳ್ಲಿ?" ಅನ್ನುತ್ತಿದ್ದೆ. ಆದರೂ ಇಬ್ಬರೂ ಕಾಯುತ್ತಿದ್ದರು, ನಾನು ಹೇಳುವ ತನಕ.

ಕಾರಣ ತಿಳಿಸಿದವಳು ಪಕ್ಕದ ಮನೆಯ ಖಾಸೀಂಬಿ. ನಾನು ಬರುವುದಕ್ಕೆ ನಾಲ್ಕು ವರ್ಷ ಮೊದಲು ಊರಿಗೆ ಡಬ್ಬಿಯಲ್ಲಿ ಪುಡಿ ಬಣ್ಣ ಬಂದಿತಂತೆ. ಪರದೇಶದ ಮಾಲು. ಬಿಸಿ ನೀರಿಗೆ ಒಂದು ಚಮಚ ಹಾಕಿದರೆ ಕೆಂಪೋ ಕೆಂಪು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಹಳದಿ ಬೇಕಾದರೆ ಮುತ್ತಲದ ಹೂವು, ಕೆಂಪು ಬೇಕಾದರೆ ಕುಸುಬಿಯ ಹೂವು. ಮುತ್ತಲದ ಕೆಲಸ ಗಂಡಸರದು, ಮುಂದಿನ ಅಂಗಳದ ಹಂಡೆಯಲ್ಲಿ. ಕುಸುಬಿಯ ಕೆಲಸ ಹೆಂಗಸರದು, ಹಿತ್ತಲಲ್ಲಿ, ಬಾಗಿಲು ಮುಚ್ಚಿಕೊಂಡು. ಆ ಕೆಲಸದಲ್ಲಿ ಅತ್ತೆಯದು ದೊಡ್ಡ ಹೆಸರು. ಮಗ ಪುಡಿ ಬಣ್ಣ ತಂದ ಮೇಲೆ ಬಜಾರದಲ್ಲಿ ನಾಲ್ಕು ಜನರ ಮುಂದೆ, "ನಮ್ಮವ್ವನ ಬಣ್ಣ ಎರಡು ಸಲ ತೊಳದ್ರ ಹೋಗತದ, ಇದು ಹೋಗಂಗಿಲ್ಲ," ಅಂದರಂತೆ. ಮಾತು ಮನೆಗೆ ಬರಲು ಎಷ್ಟು ಹೊತ್ತು? ಅತ್ತೆ ಅವತ್ತೇ ಹಿತ್ತಲ ಬಾನಿಗಳನ್ನು ಬೋರಲು ಹಾಕಿದರು. ಇನ್ನು ಬಣ್ಣದಲ್ಲಿ ಕೈ ಇಡುವುದಿಲ್ಲ ಎಂದರು. ಮಗನ ಜೊತೆ ಮಾತೂ ಬಿಟ್ಟರು. ಮಗ ಕ್ಷಮೆ ಕೇಳುವ ಗಂಡಸಲ್ಲ. ಹೀಗೆ ಶುರುವಾದದ್ದು ಹದಿಮೂರು ವರ್ಷ ನಡೆಯಿತು.

ಪರದೇಶದವರ ದೊಡ್ಡ ಲಡಾಯಿ ಶುರುವಾದ ನಾಲ್ಕನೆಯ ವರ್ಷ, ಹಡಗು ಬರುವುದು ನಿಂತು ಪುಡಿ ಬಣ್ಣ ಬಂದ್ ಆಯಿತು. ಪುಡಿ ಮಾರುತ್ತಿದ್ದ ಸಲಾವುದ್ದೀನ ತನ್ನ ಅಂಗಡಿಯಲ್ಲಿ ಖಾಲಿ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದ, ನೋಡಿಕೊಂಡು ಹೋಗಲಿಕ್ಕೆ. ನಮ್ಮ ಅಂಗಳದ ಹಗ್ಗಗಳು ಬರಿದಾದವು. ಫಾಲ್ಗುಣದಲ್ಲಿ ಮರಡಿಯ ಮೇಲೆ ಮುತ್ತಲ ಹೂ ಬಿಟ್ಟಾಗ ಇವರು ಹಳೆಯ ಹಂಡೆ ತೊಳೆದು ಹಳದಿ ಹಾಕುವುದಕ್ಕೆ ಶುರುಮಾಡಿದರು. ಹಳದಿಗೆ ಕೊರತೆ ಇರಲಿಲ್ಲ. ಕೆಂಪು ಕೇಳಿದವರಿಗೆ ಕೈ ಮುಗಿದು ಕಳಿಸುತ್ತಿದ್ದರು.

ಹಾಗಿರುವಾಗ ಒಂದು ಮುಂಜಾನೆ ಚಂದ್ರಾಮಪ್ಪ ಬಂದರು. ತೊಗರಿ ವ್ಯಾಪಾರದ ದೊಡ್ಡ ಕುಳ, ಆದರೆ ಮೆತ್ತಗಿನ ಮನುಷ್ಯ. ಬಗಲಲ್ಲಿ ಹದಿನೆಂಟು ಮೊಳದ ಒಂದು ಬಿಳಿ ಸೀರೆ. ಅರಿವೆಗೂ ಆಗ ಬರಗಾಲ. ಅದೊಂದನ್ನು ಸೋಲಾಪುರದಿಂದ ತರಿಸಲು ಅವರಿಗೆ ಎರಡು ತಿಂಗಳು ಹಿಡಿದಿತ್ತು.

"ಮಗಳ ಮದಿವಿ ಅದ ಶಿವರಾಯ. ಇವತ್ತಿಗಿ ಹದಿನಾರು ದಿನಕ್ಕ. ನಮ್ಮ ಮನಿ ಹೆಣ್ಮಕ್ಕಳು ನಿಮ್ಮ ಮನ್ಯಾಗಿನ ಕೆಂಪು ಉಟ್ಕೊಂಡೇ ಅಕ್ಕಿಕಾಳಿಗಿ ಕೂಡೋದು. ನಮ್ಮವ್ವ ಹಂಗೇ ಕುಂತಾಳ, ನನ್ನ ಹೆಂಡ್ತಿ ಹಂಗೇ ಕುಂತಾಳ. ಇಲ್ಲ ಅನ್ನಬ್ಯಾಡ."

ಇವರು ಇಲ್ಲ ಎನ್ನಬೇಕಿತ್ತು. ಆದರೆ ಚಂದ್ರಾಮಪ್ಪನವರ ಮುಂದೆ ಮಾನದ ಪ್ರಶ್ನೆ. "ಪುಡಿ ಇಲ್ಲಂದ್ರ ಏನಾತ್ರಿ, ನಮ್ಮ ಮನ್ಯಾಗ ಮೂರು ತಲಿಯಿಂದ ಕುಸುಬಿ ಬಣ್ಣ ಹಾಕ್ಯಾರ. ಹೂ ಕಳಸ್ರಿ, ಸಾಕು," ಅಂದುಬಿಟ್ಟರು. ಪಡಸಾಲೆಯಲ್ಲಿದ್ದ ಅತ್ತೆ ಒಮ್ಮೆ ಕೆಮ್ಮಿದರು. ಕೆಮ್ಮಲ್ಲ ಅದು, ನಗು ಎಂದು ನನಗೆ ಗೊತ್ತಾಯಿತು.

ಮರುದಿನ ಒಂದು ಚೀಲ ಒಣ ಕುಸುಬಿ ಹೂ ಬಂತು. ನಾನು ಗಂಡನನ್ನು ಅಡುಗೆಮನೆಗೆ ಕರೆದು, "ನಿಮಗ ಬರತದೇನ್ರಿ?" ಅಂತ ಕೇಳಿದೆ.

"ಹೂ ಅಂದಮ್ಯಾಲ ಹೂ. ಮುತ್ತಲ ಕುದಿಸಾಂವಗ ಕುಸುಬಿ ಕುದಿಸಾಕ ಬರಂಗಿಲ್ಲೇನು?"

"ಅತ್ತಿಗಿ ಒಂದು ಮಾತು ಕೇಳ್ರಿ."

"ಬೇಕಾದ್ರ ನೀ ಕೇಳು. ನಾ ಕೇಳಂಗಿಲ್ಲ."

ನಾನು ಕೇಳುವುದರೊಳಗೆ ಅರ್ಧ ಚೀಲ ಹಂಡೆಗೆ ಬಿದ್ದಿತ್ತು. ಇವರು ಪುಣ್ಯಕ್ಕೆ ಚಂದ್ರಾಮಪ್ಪನವರ ಸೀರೆ ಹಾಕದೆ ಮೊದಲು ತಮ್ಮದೊಂದು ಹಳೆಯ ಧೋತರದ ತುಂಡು ಅದ್ದಿದರು. ಕೆಳಗೆ ಬೆಂಕಿ ಜೋರಾಗಿತ್ತು. ನೀರು ಕುದಿದು ಕುದಿದು ಮೇಲೆ ನೊರೆ ಬಂತು. ಕಟ್ಟಿಗೆಯಿಂದ ಎತ್ತಿದರೆ ಧೋತರ ಕೆಂಪೂ ಅಲ್ಲ, ಹಳದಿಯೂ ಅಲ್ಲ. ದನದ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಅರಿವೆಯ ಬಣ್ಣ. ಸುಣ್ಣ ಹಾಕಿ ನೋಡಿದರು, ಇನ್ನೂ ಕೆಟ್ಟಿತು. ಇವರು ಹಂಡೆಯ ಪಕ್ಕ ಹಾಗೇ ಕುಕ್ಕರುಗಾಲಲ್ಲಿ ಕುಂತರು. ಆ ದಿನ ನನ್ನ ಗಂಡನನ್ನು ನೋಡಿ ನನಗೆ ನಗು ಬರಲಿಲ್ಲ. ಸೀರೆ ಕೆಟ್ಟರೆ ಇನ್ನೊಂದು ಸೀರೆ ಇಲ್ಲ, ಹೂವೂ ಅರ್ಧ ಹೋಗಿದೆ, ಮನೆಯ ಮಾತು ನೆಲಕ್ಕೆ ಬೀಳುತ್ತದೆ. ಉಳಿಸಬಲ್ಲವರು ಒಬ್ಬರೇ, ಅವರು ಐದು ಮಾರು ದೂರದಲ್ಲಿ ಕಂಬಕ್ಕೆ ಒರಗಿ ಕುಂತಿದ್ದಾರೆ.

ಇವರು ಹೊರಗೆ ಹೋದ ಮೇಲೆ ನಾನು ಅತ್ತೆಯ ಮುಂದೆ ಹೋಗಿ ನಿಂತೆ. "ಅತ್ತಿ, ನೀವು ಮಗನ ಮ್ಯಾಲಿನ ಸಿಟ್ಟು ಒಬ್ಬ ಮದಿಮಗಳ ಮ್ಯಾಲೆ ತೀರಿಸ್ಕೊಬ್ಯಾಡ್ರಿ," ಅಂದೆ. ನನ್ನ ಬಾಯಿ ಯಾವಾಗಲೂ ಸ್ವಲ್ಪ ಮುಂದು.

ಅತ್ತೆಗೆ ಸಿಟ್ಟು ಬರಲಿಲ್ಲ. "ಕುದಿಸಿದನೇನು?" ಅಂದರು.

"ಕುದಿಸ್ಯಾರ್ರಿ."

"ವಾಸನಿ ಬಂದಾಗೇ ಗೊತ್ತಾತು." ಸೆರಗನ್ನು ಉಡಿಯಲ್ಲಿ ಹಾಸಿಕೊಂಡು, "ಉಳದ ಹೂ ತಗೊಂಡು ಬಾ," ಅಂದರು.

ನಾನು ಚೀಲ ತಂದು ಅವರ ಉಡಿಯಲ್ಲಿ ಸುರಿದೆ. ಅವರು ಒಂದು ಚಿಟಿಕೆ ಎತ್ತಿ ಬೆರಳಲ್ಲಿ ತಿಕ್ಕಿದರು, ಮೂಸಿದರು, ನಾಲಗೆಯ ಮೇಲೆ ಇಟ್ಟರು. ಕಣ್ಣಿನ ಹತ್ತಿರ ಮಾತ್ರ ತರಲಿಲ್ಲ.

"ಹೂವಿನ ತುದಿ ಹೆಂಗದ ನೋಡು ಯವ್ವಾ. ಕೆಂಪು ತಿರಗ್ಯದೋ, ಬರೇ ಹಳದಿ ಅದನೋ?"

"ನಿಮ್ಮ ಕೈಯಾಗೇ ಅದಲ್ರಿ," ಅಂದೆ. ಅಂದ ಮೇಲೆ ಅವರ ಮುಖ ನೋಡಿದೆ. ಒಂಬತ್ತು ವರ್ಷದಿಂದ ನೋಡಿದ ಮುಖ. ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ. ವಯಸ್ಸಾದವರಿಗೆ ಇರುತ್ತದೆ, ಎಂದುಕೊಂಡು ನಾನು ಅದನ್ನು ಎಂದೂ ಸರಿಯಾಗಿ ನೋಡಿರಲಿಲ್ಲ.

"ಅತ್ತಿ, ನಿಮಗ ಬಣ್ಣ ಕಾಣಂಗಿಲ್ಲೇನ್ರಿ?"

"ಮಂದಿ ಕಾಣತಾರ. ಬಾಗಿಲ ಕಾಣತದ. ಬಣ್ಣ ಹೋಗಿ ಹದಿಮೂರು ವರ್ಷ ಆತು. ಕೆಂಪು, ಹಳದಿ, ಹಸರು ಎಲ್ಲಾ ಒಂದೇ. ಬೂದಿ ಕಂಡಂಗ ಕಾಣತದ." ನನ್ನ ಮುಂಗೈ ಹಿಡಿದರು. "ಅವಗ ಹೇಳಬ್ಯಾಡ. ಸಿಟ್ಟಿನ ಮುದುಕಿ ಅಂತ ತಿಳ್ಕೊಂಡಾನ, ತಿಳ್ಕೊಳ್ಳಿ. ಬಣ್ಣಗಾರರ ಮನಿ ಮುದುಕಿಗಿ ಬಣ್ಣ ಕಾಣಂಗಿಲ್ಲ ಅಂತ ಊರಾಗ ಗೊತ್ತಾಗೋದು ಬ್ಯಾಡ."

ನನಗೆ ಅಳು ಬಂತು. ಅವರು ಗದರಿಸಿದರು. "ಅಳತಾ ಕುಂತ್ರ ಬಣ್ಣ ಬರಂಗಿಲ್ಲ. ಕೈ ನನ್ನವು, ಕಣ್ಣು ನಿನ್ನವು. ಹಿತ್ತಲ ಬಾನಿ ತೊಳಿ."

ಹಿತ್ತಲ ಬಾಗಿಲು ಮುಚ್ಚಿಕೊಂಡು ನಾವಿಬ್ಬರೂ ನಾಲ್ಕು ದಿನ ಕೆಲಸ ಮಾಡಿದೆವು. ನನ್ನ ಆಯುಷ್ಯದಲ್ಲಿ ಅಷ್ಟು ಸುಖದ ದಿನಗಳು ಕಡಿಮೆ. ಹೂವನ್ನು ಅರಿವೆಯ ಚೀಲದಲ್ಲಿ ಕಟ್ಟಿ, ಬಾನಿಯಲ್ಲಿಟ್ಟು, ಬಾವಿಯ ತಣ್ಣೀರು ಹೊಯ್ದು ಕಾಲಿನಿಂದ ತುಳಿಯಬೇಕು. ಹಳದಿ ನೀರು ಬರುತ್ತದೆ, ಚೆಲ್ಲಬೇಕು. ಮತ್ತೆ ನೀರು, ಮತ್ತೆ ತುಳಿ, ಮತ್ತೆ ಚೆಲ್ಲು. ಎರಡು ದಿನ ಬರೀ ಚೆಲ್ಲುವುದೇ. ನಾನು ಸೀರೆ ಮೇಲಕ್ಕೆ ಸಿಕ್ಕಿಸಿ ತುಳಿಯುತ್ತಿದ್ದೆ, ಅತ್ತೆ ಕಟ್ಟೆಯ ಮೇಲೆ ಕುಂತು ತಮ್ಮ ಕಾಲದ ಮಾತು ಹೇಳುತ್ತಿದ್ದರು.

"ಇಷ್ಟು ಬಣ್ಣ ಚೆಲ್ಲಾಕತ್ತೀವಲ್ರಿ, ಹೊಟ್ಟಿ ಉರೀತದ," ಅಂದೆ ಒಮ್ಮೆ.

"ಅದು ಬಣ್ಣಲ್ಲ, ಅದರ ಸೋಗು," ಅಂದರು. "ಮುತ್ತಲ ನೋಡು. ಗಿಡದ ಮ್ಯಾಲೆ ಕೆಂಪಗ ಉರೀತದ, ಮೈಲು ದೂರದಿಂದ ಕಾಣತದ. ಅರಿವಿಗಿ ಇಳಿಸಿದ್ರ ಬರೇ ಹಳದಿ. ಇದು ನೋಡಾಕ ಹಳದಿ, ಮ್ಯಾಲೆ ಮುಳ್ಳು. ಕೆಂಪು ಒಳಗ ಇಟ್ಕೊಂಡಿರತದ. ಮುತ್ತಲಕ್ಕ ಬೆಂಕಿ ಬೇಕು. ಇದಕ್ಕ ಬೆಂಕಿ ತೋರಿಸಿದ್ರ ಒಳಗಿನ ಕೆಂಪು ಅಲ್ಲೇ ಸಾಯತದ. ಮುತ್ತಲದ ಮೊದಲನೇ ನೀರು ಛಲೋ, ಇದರ ಕಡೀ ನೀರು ಛಲೋ. ಅವಗ ಇದನ್ನ ಯಾರು ಹೇಳಬೇಕು? ಗಂಡಸರಿಗಿ ಹಿತ್ತಲದಾಗ ಬಿಟ್ಟಿರಲಿಲ್ಲ ನಾವು. ನಮ್ಮದೂ ತಪ್ಪದ."

ಮೂರನೆಯ ದಿನ, "ನೀರು ಹೆಂಗ ಬರಾಕತ್ತದ?" ಎಂದು ಕೇಳಿದರು. ಬೆಳ್ಳಗೆ ಬರುತ್ತಿದೆ ಎಂದೆ. ಅತ್ತೆ ಉತ್ತರಾಣಿ ಗಿಡದ ಬೂದಿ ತರಿಸಿ ಹೂವಿಗೆ ಹಾಕಿ, ಅಂಗೈಯಲ್ಲಿ ನಾದಿ, ಬೆರಳ ನಡುವೆ ಜಾರುವುದನ್ನು ನೋಡಿ ಸಾಕು ಎಂದರು. ಈಗ ತಣ್ಣೀರು ಹೊಯ್ದರೆ ಚೀಲದಿಂದ ಇಳಿದದ್ದು ಕೆಂಪು. ನಾನು ಚೀರಿಯೇಬಿಟ್ಟೆ. ಆ ಹಳದಿ ಕಸದೊಳಗೆ ಇಷ್ಟು ಕೆಂಪು ಎಲ್ಲಿತ್ತೋ! ಅತ್ತೆ ನನ್ನ ಚೀರಾಟ ಕೇಳಿ, ಸಣ್ಣ ಹುಡುಗಿಯಂತೆ ಸೆರಗು ಬಾಯಿಗೆ ಹಿಡಿದು ನಕ್ಕರು.

ಚಂದ್ರಾಮಪ್ಪನವರ ಸೀರೆ ಇಳಿಸಿದೆವು. ಅತ್ತೆ ನಿಂಬೆಹುಳಿ ಹಿಂಡಿದರು, ನೀರನ್ನು ನಾಲಗೆಗೆ ಹಚ್ಚಿ ನೋಡಿದರು, ಇನ್ನೆರಡು ಹಣ್ಣು ಹಿಂಡಿದರು. ಸೀರೆಯನ್ನು ತಿರುಗಿಸಿ ತಿರುಗಿಸಿ ಅದ್ದಿದರು. ಆ ಕೈಗಳು ಒಮ್ಮೆಯೂ ತಡವರಿಸಲಿಲ್ಲ. ನಾಲ್ಕನೆಯ ದಿನ ಸಂಜೆಯ ಹೊತ್ತಿಗೆ ನೀರಿನಲ್ಲಿದ್ದ ಬಣ್ಣವೆಲ್ಲ ಸೀರೆಗೆ ಹೋಗಿ ನೀರು ತಿಳಿಯಾಯಿತು. ನಾನು ಸೀರೆ ಎತ್ತಿ ಬೆಳಕಿಗೆ ಹಿಡಿದೆ.

ಕೆಂಪಾಗಿರಲಿಲ್ಲ. ಗುಲಾಬಿ ಬಣ್ಣ. ಚೆಂದದ ಗುಲಾಬಿಯೇ, ಆದರೆ ಗುಲಾಬಿ. ಅರ್ಧ ಹೂವು ಹಂಡೆಯಲ್ಲಿ ಕುದಿದುಹೋಗಿತ್ತಲ್ಲ, ಉಳಿದದ್ದು ಹದಿನೆಂಟು ಮೊಳಕ್ಕೆ ಎಲ್ಲಿ ಸಾಲಬೇಕು?

ಅತ್ತೆ ಕೈ ಒರೆಸಿಕೊಳ್ಳುತ್ತ ಮುಖ ಎತ್ತಿದರು. ಪರೀಕ್ಷೆಗೆ ಕುಂತವರ ಮುಖ ಹಾಗಿರುತ್ತದೆ.

"ಸುಭದ್ರಾ, ಏನ್ ಬಣ್ಣ ಬಂದದ ಹೇಳು."

ನನಗೆ ನಿಜ ಹೇಳಲು ಮನಸ್ಸು ಬರಲಿಲ್ಲ. ಹದಿಮೂರು ವರ್ಷದ ಮೇಲೆ ಬಣ್ಣದಲ್ಲಿ ಕೈ ಇಟ್ಟಿದ್ದಾರೆ. "ಕೆಂಪ್ರಿ ಅತ್ತಿ. ಭಾಳ ಛಂದ ಬಂದದ," ಅಂದೆ.

"ಇಲ್ಲವ್ವಾ."

ತಿರುಗಿ ನೋಡಿದರೆ ಹಿತ್ತಲ ಬಾಗಿಲು ತೆರೆದಿದೆ, ನನ್ನ ಗಂಡ ನಿಂತಿದ್ದಾರೆ. ಯಾವಾಗ ಬಂದರೋ. ತಾಯಿ ಸೊಸೆಗೆ ಬಣ್ಣ ಯಾವುದೆಂದು ಕೇಳಿದ್ದು ಅವರ ಕಿವಿಗೆ ಬಿದ್ದಿತ್ತು. ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಎಲ್ಲ ತಿಳಿಯಿತು ಎಂದು.

"ಇಲ್ಲವ್ವಾ, ಅಕಿ ಸುಳ್ಳ ಹೇಳಾಕತ್ತಾಳ. ಕೆಂಪು ಬಂದಿಲ್ಲ. ಗುಲಾಬಿ ಬಂದದ. ನೀ ಹಾಕಿದ್ದು ಸರಿ ಅದ. ಹೂ ಸಾಲಲಿಲ್ಲ. ಅರ್ಧ ಹೂ ನಾ ಕುದಿಸಿ ಹಾಳ ಮಾಡೀನಿ."

ಒಂಬತ್ತು ವರ್ಷದಲ್ಲಿ ಅವರು ತಾಯಿಯ ಜೊತೆ ನೇರವಾಗಿ ಆಡಿದ ಮೊದಲ ಮಾತನ್ನು ನಾನು ಕೇಳಿದ್ದು ಅದೇ. ನಡುವೆ ನಾನು ನಿಂತಿದ್ದೆ, ಏನೂ ದಾಟಿಸುವ ಕೆಲಸ ಇರಲಿಲ್ಲ. ಅತ್ತೆ ದನಿ ಬಂದ ಕಡೆ ಮುಖ ತಿರುಗಿಸಿದರು. ಅತ್ತುಬಿಡುತ್ತಾರೆ ಎಂದುಕೊಂಡೆ. ಅಳಲಿಲ್ಲ.

"ಗುಲಾಬಿ ಅಂದ್ರ ಎಷ್ಟು? ಕಣಗಲ ಹೂವಿನಷ್ಟೋ, ಅದಕ್ಕಿಂತ ತೆಳುವೋ?"

"ಕಣಗಲದಷ್ಟು."

"ಹಂಗಾರ ಇನ್ನ ಇಷ್ಟೇ ಹೂ ಬೇಕು. ಜೇವರ್ಗಿ ಕಡೆ ತಡಾ ಬಿತ್ತತಾರ, ಇನ್ನ ಸಿಕ್ಕಾವು. ಒಣಗಿದ ಹೂ ಕೇಳು, ತುದಿ ಕೆಂಪಗ ಇರಬೇಕು. ಹಸೀದು ತರಬ್ಯಾಡ."

"ಇವತ್ತೇ ಹೋಗ್ತೇನಿ."

"ಹೋಗೋಕಿಂತ ಮೊದಲ ಇಲ್ಲಿ ಬಾ. ಕೈ ತಾ." ಅವರು ಮಗನ ಎರಡೂ ಕೈ ಹಿಡಿದು ಮೂಸಿದರು. "ಇನ್ನ ಸುಣ್ಣದ ವಾಸನಿ ಅದ. ಬಂದಮ್ಯಾಲ ಮೂರು ಸಲ ಕೈ ತೊಳ್ಕೊಂಡು ಹಿತ್ತಲಕ್ಕ ಬಾ. ಈ ಸಲ ನೀ ತುಳೀಬೇಕು. ಅಕಿ ಕಾಲು ನೋಯಾಕತ್ತಾವ."

ನಲವತ್ತು ದಾಟಿದ ಗಂಡಸು, "ಹೂಂ ಯವ್ವಾ," ಅಂದರು. ಆ ದಿನವೇ ಮೋಟಾರು ಹಿಡಿದು ಹೋದರು. ನದಿ ದಾಟಿ ಜೇವರ್ಗಿಯ ಹಳ್ಳಿ ಹಳ್ಳಿ ತಿರುಗಿ ಐದನೆಯ ದಿನ ಹೆಗಲ ಮೇಲೆ ಚೀಲ ಹೊತ್ತು ಬಂದರು. ಬೆರಳ ತುಂಬ ಮುಳ್ಳು. ಚಿಮಟದಿಂದ ಒಂದೊಂದೇ ಕೀಳುವಾಗ ನಾನು ಎಷ್ಟು ಚೇಷ್ಟೆ ಮಾಡಿದರೂ ತಿರುಗಿ ಬೈಯಲಿಲ್ಲ. ಆಮೇಲೆ ಮೂರು ದಿನ ಅವರು ಬಾನಿಯಲ್ಲಿ ನಿಂತು ತುಳಿದರು. ತಾಯಿ ಕಟ್ಟೆಯ ಮೇಲೆ ಕುಂತು, "ಇನ್ನ ಹಳದಿ ಅದನೋ ಇಲ್ಲೋ, ಖರೇ ಹೇಳು," ಅನ್ನುವುದು, ಮಗ, "ಅದವ್ವಾ, ಇನ್ನ ಸ್ವಲ್ಪ ಅದ," ಅನ್ನುವುದು. ಮಧ್ಯೆ ನಾನು ಬಾಯಿ ಹಾಕಿದರೆ ಇಬ್ಬರೂ ಸೇರಿ ನನ್ನನ್ನು ಗದರಿಸುತ್ತಿದ್ದರು.

ಮದುವೆಗೆ ಮೂರು ದಿನ ಇರುವಾಗ ಸೀರೆ ಎರಡನೆಯ ಸಲ ಮೇಲೆ ಬಂತು. ಅಂಥ ಕೆಂಪನ್ನು ನಾನು ಮತ್ತೆ ನೋಡಿಲ್ಲ. ಆಮೇಲೆ ಪೇಟೆಯಲ್ಲಿ ಎಷ್ಟೋ ಕೆಂಪು ಸೀರೆ ಬಂದವು, ನಾನೂ ಉಟ್ಟೆ. ಅದು ಬೇರೆ, ಇವು ಬೇರೆ. ನೆರಳಿನಲ್ಲಿ ಒಣಹಾಕಿದ್ದ ಸೀರೆಯನ್ನು ಚಂದ್ರಾಮಪ್ಪ ಬಂದು ನೋಡಿ, ತಲೆಯ ರುಮಾಲು ಸರಿಮಾಡಿಕೊಂಡರು. ಅದನ್ನು ಮಡಿಸಿ ಎದೆಗವಚಿಕೊಂಡು ಹೋದರು.

ಅವರು ಹೋದ ಮೇಲೆ ನಾವು ಮೂವರೂ ಅಂಗಳದಲ್ಲಿ ಕುಂತಿದ್ದೆವು. ಇಳಿಹೊತ್ತಿನ ಬಿಸಿಲು. ನನ್ನ ಗಂಡ ತಾಯಿಯ ಪಕ್ಕ ಕುಂತು ಸೀರೆ ಹೇಗಿತ್ತು, ಸೆರಗು ಹೇಗೆ ಬಂತು, ಚಂದ್ರಾಮಪ್ಪನ ಮುಖ ಹೇಗಾಯಿತು, ಒಂದೊಂದಾಗಿ ಹೇಳುತ್ತಿದ್ದರು. ಅತ್ತೆ ಎಲ್ಲ ಕೇಳಿಸಿಕೊಂಡರು. ಆಮೇಲೆ ಅಂದರು:

"ಶಿವಾ, ನೀ ಮೊದಲನೇ ಸಲ ಪುಡಿ ಬಣ್ಣದ ಸೀರಿ ತಂದು ನನ್ನ ಮುಂದ ಹಾಸಿದ್ಯಲ್ಲ. 'ನೋಡವ್ವಾ, ಹೆಂಗದ' ಅಂದಿ. ನೆನಪದೇನು?"

"ಅದವ್ವಾ. ನೀ ಮಾರಿ ತಿರುವಿದಿ. ಆ ಸಿಟ್ಟಿಗೇ ನಾ ಬಜಾರದಾಗ ಹಂಗ ಅಂದೆ."

"ನನಗ ಏನೂ ಕಾಣಲಿಲ್ಲಪ್ಪಾ. ಬರೇ ಬೂದಿ ಕಂಡಿತ್ತು. ಹೆಂಗ ಹೇಳ್ಲಿ? ಮಗ ಅಷ್ಟು ಖುಷಿಲೇ ತಂದಾನ." ಅವರು ಕೈ ಚಾಚಿ ಮಗನ ಮೊಣಕಾಲು ಹುಡುಕಿ ಅದರ ಮೇಲೆ ಇಟ್ಟರು. "ಛಂದ ಇತ್ತೇನು ಅದು?"

ನನ್ನ ಗಂಡ ಆ ಕೈಯ ಮೇಲೆ ತಮ್ಮ ಕೈ ಇಟ್ಟರು.

"ಇತ್ತವ್ವಾ," ಅಂದರು. "ಭಾಳ ಛಂದ ಇತ್ತು."

"ಹಂಗಾರ ಛಲೋ ಆತು," ಅಂದರು ಅತ್ತೆ. "ಛಲೋ ಅದ ಅಂತ ಅಷ್ಟು ನಾ ಅವತ್ತೇ ಅನ್ನಬೇಕಿತ್ತು."